ಪ್ಯಾಕೆಟ್ ಮೇಲೆ 11 ನಿಮಿಷ ಅಂತಿದ್ದರೆ 9ಕ್ಕೇ ಬಸಿಯಿರಿ: ಒಣ ಪಾಸ್ತಾ ಬೇಯಿಸುವ ಪೂರ್ತಿ ಕ್ರಮ

ಮೊದಲ ಸಲ ಮನೆಯಲ್ಲಿ ಜಾಸ್ತಿ ಜನಕ್ಕೆ ಪಾಸ್ತಾ ಮಾಡಿದಾಗ ಪ್ಯಾಕೆಟ್ ಮೇಲಿದ್ದ ಸಮಯವನ್ನು ವೇದವಾಕ್ಯದಂತೆ ಪಾಲಿಸಿದ್ದೆ. ಒಂದೂವರೆ ಕೆ.ಜಿ. ಪೆನ್ನೆ (ಕೊಳವೆಯಾಕಾರದ ಪಾಸ್ತಾ), 11 ನಿಮಿಷ, ಮೊಬೈಲಿನಲ್ಲಿ ಟೈಮರ್. ಟೈಮರ್ ಹೊಡೆದುಕೊಂಡಾಗ ಒಂದು ತಿಂದು ನೋಡಿದೆ, ಚೆನ್ನಾಗೇ ಇತ್ತು. ಜಾಲರಿಗೆ ಬಸಿದೆ. ಅಷ್ಟರಲ್ಲಿ ನೆಂಟರು ಬಂದರು. ಮಾತು, ಜ್ಯೂಸು, ಮತ್ತೆ ಮಾತು. ಅರ್ಧ ಗಂಟೆ ಆದಮೇಲೆ ಒಳಗೆ ಬಂದು ಅದನ್ನೇ ಟೊಮೆಟೊ ಸಾಸ್‌ಗೆ ಹಾಕಿ ಐದು ನಿಮಿಷ ಕುದಿಸಿದೆ. ಬಡಿಸಲು ಹೋದರೆ ಸೌಟಿಗೆ ಬಂದದ್ದು ಕೆಂಪು ಮುದ್ದೆ. "ಹಲ್ಲಿಲ್ಲದವರಿಗೆ ಒಳ್ಳೇದಾಯ್ತು ಬಿಡು" ಅಂತ ಹಿರಿಯರೊಬ್ಬರು ಸಮಾಧಾನ ಹೇಳಿದರು.

ತಪ್ಪು ಪ್ಯಾಕೆಟ್‌ನದ್ದಲ್ಲ. ಆ 11 ನಿಮಿಷ ಪಾತ್ರೆಯಿಂದ ನೇರ ತಟ್ಟೆಗೆ ಹೋಗುವ ಪಾಸ್ತಾದ ಲೆಕ್ಕ. ನಾನು ಅದರ ಮೇಲೆ ಜಾಲರಿಯೊಳಗಿನ ಬಿಸಿಯನ್ನೂ ಸಾಸಿನ ಐದು ನಿಮಿಷವನ್ನೂ ಸೇರಿಸಿಬಿಟ್ಟಿದ್ದೆ. ಗ್ಯಾಸ್ ಆರಿಸಿದ ತಕ್ಷಣ ಪಾಸ್ತಾ ಬೇಯುವುದನ್ನು ನಿಲ್ಲಿಸುವುದಿಲ್ಲ. ತಟ್ಟೆಗೆ ಬರುವ ಹೊತ್ತಿಗೆ ಹದವಾಗಿರಬೇಕು ಅಂದರೆ ಪಾತ್ರೆಯಿಂದ ಎತ್ತುವಾಗ ಅದು ಇನ್ನೂ ಸ್ವಲ್ಪ ಕಾಯಿಯಾಗಿರಬೇಕು.

ಅವಸರದಲ್ಲಿರುವವರಿಗೆ ಉತ್ತರ ಇಷ್ಟೇ. ಚೆನ್ನಾಗಿ ಕುದಿಯುವ ಉಪ್ಪುನೀರಿಗೆ ಪಾಸ್ತಾ ಹಾಕಿ. ಪ್ಯಾಕೆಟ್ ಹೇಳಿದ ಸಮಯಕ್ಕೆ ಮೂರು ನಿಮಿಷ ಮುಂಚಿನಿಂದ ಕಚ್ಚಿ ನೋಡಲು ಶುರು ಮಾಡಿ. ಸಾಸಿನಲ್ಲಿ ಬೇಯಿಸುವುದಿದ್ದರೆ ಎರಡು ನಿಮಿಷ ಮೊದಲೇ ಎತ್ತಿ. ಹಾಗೇ ತಿನ್ನುವುದಿದ್ದರೆ ಒಂದು ನಿಮಿಷ ಮೊದಲು. ಬಿಡುವಿರುವವರು ಮುಂದೆ ಓದಿ.

ಬೇಯುವಾಗ ಒಳಗೆ ಏನಾಗುತ್ತದೆ

ಒಣ ಪಾಸ್ತಾದಲ್ಲಿ ಇರುವುದು ಗೋಧಿರವೆ ಮತ್ತು ನೀರು. ಕಲಸಿ, ಅಚ್ಚಿನಲ್ಲಿ ಒತ್ತಿ, ಒಣಗಿಸುತ್ತಾರೆ. ಆ ರವೆಯಲ್ಲಿ ನಮಗೆ ಬೇಕಾದವು ಎರಡು: ಗಂಜಿಯ ಅಂಶವಾದ ಪಿಷ್ಟ, ಮತ್ತು ಅದನ್ನು ಬಲೆಯ ಹಾಗೆ ಹಿಡಿದಿಡುವ ಗ್ಲುಟೆನ್ ಎಂಬ ಪ್ರೊಟೀನು.

ನೀರು ಬಿಸಿಯಾಗಿ 60–70 ಡಿಗ್ರಿ ತಲುಪಿದಾಗ ಪಿಷ್ಟದ ಕಣಗಳು ನೀರು ಕುಡಿದು ಊದುತ್ತವೆ. ಬಿಸಿ ಇನ್ನೂ ಸ್ವಲ್ಪ ಏರಿದರೆ ಪ್ರೊಟೀನಿನ ಬಲೆ ಗಟ್ಟಿಯಾಗುತ್ತದೆ, ಮೊಟ್ಟೆ ಬೆಂದಾಗ ಆಗುವ ಹಾಗೆ. ಬಲೆ ಬೇಗ ಬಿಗಿದುಕೊಂಡರೆ ಪಿಷ್ಟ ಒಳಗೇ ಉಳಿದು ಎಳೆ ಬಿಡಿಬಿಡಿಯಾಗಿರುತ್ತದೆ. ಬಲೆ ಬಡವಾಗಿದ್ದರೆ ಪಿಷ್ಟ ಹೊರಗೆ ಸೋರಿ ಅಂಟಾಗುತ್ತದೆ. ಪಾಸ್ತಾವನ್ನು ಕುದಿಯುವ ನೀರಿಗೇ ಹಾಕಬೇಕು ಅನ್ನುವುದಕ್ಕೆ ಕಾರಣ ಇದು.

ಇದೆಲ್ಲ ನಡೆಯುವುದು ಹೊರಗಿನಿಂದ ಒಳಕ್ಕೆ. ಹೊರಪದರ ಬೆಂದ ಮೇಲೂ ನಡುವಿನ ತಿರುಳು ಒಣದಾಗೇ ಇರುತ್ತದೆ. ಹಾಗಾಗಿ ಬೇಯುವ ಸಮಯ ಪಾಸ್ತಾ ಎಷ್ಟು ಉದ್ದ ಇದೆ ಅನ್ನುವುದರ ಮೇಲೆ ನಿಂತಿಲ್ಲ, ಎಷ್ಟು ದಪ್ಪ ಅನ್ನುವುದರ ಮೇಲೆ ನಿಂತಿದೆ. ಹೆಚ್ಚುಕಡಿಮೆ ಹತ್ತಿಂಚು ಉದ್ದದ, ಶಾವಿಗೆಯಂಥ ಸ್ಪಗೆಟಿ ಬೆರಳುದ್ದದ ಪೆನ್ನೆಗಿಂತ ಬೇಗ ಬೇಯಲು ಇದೇ ಕಾರಣ.

ಮೊದಲು ಪ್ಯಾಕೆಟ್ ಓದಿ

ಪದಾರ್ಥಗಳ ಸಾಲಿನಲ್ಲಿ "ಡ್ಯೂರಂ ಗೋಧಿ ರವೆ" ಅಂತ ಇದೆಯಾ ನೋಡಿ. ಡ್ಯೂರಂ ಅಂದರೆ ಗಡುಸು ಗೋಧಿ. ಪ್ರೊಟೀನು ಜಾಸ್ತಿ, ಬಣ್ಣ ಹಳದಿ. ಇಟಲಿಯಲ್ಲಿ 1967ರಲ್ಲಿ ಬಂದ ಕಾನೂನು ಒಣ ಪಾಸ್ತಾವನ್ನು ಡ್ಯೂರಂ ಗೋಧಿಯಿಂದಲೇ ಮಾಡಬೇಕು ಎಂದು ಕಟ್ಟು ಮಾಡಿತು. ನಮ್ಮ ಅಂಗಡಿಗಳಲ್ಲಿ ಹಾಗಿಲ್ಲ. ಡ್ಯೂರಂ ಪಾಸ್ತಾದ ಪಕ್ಕದಲ್ಲೇ ಮಾಮೂಲಿ ರವೆಯದು, ಮೈದಾ ಬೆರೆತದ್ದು, ಸಿರಿಧಾನ್ಯದ್ದು ಎಲ್ಲ ಕೂತಿರುತ್ತವೆ. ಮೈದಾ ಬೆರೆತದ್ದರಲ್ಲಿ ಬಲೆ ಬಡವು. ಅದು ಚೆನ್ನಾಗಿ ಬೆಂದಿರುವುದಕ್ಕೂ ಕರಗಿಹೋಗುವುದಕ್ಕೂ ನಡುವೆ ಒಂದು ನಿಮಿಷದ ಅಂತರವೂ ಇರುವುದಿಲ್ಲ.

ಗಡುಸು ಗೋಧಿ ನಮಗೆ ಹೊಸದೇನಲ್ಲ. ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯವರು ಶಾವಿಗೆ, ಮಾದಲಿಗೆ ಹುಡುಕಿ ತರುವ ಜವೆ ಗೋಧಿ ಈ ಡ್ಯೂರಮ್ಮಿನ ಹತ್ತಿರದ ಸಂಬಂಧಿ. ಜವೆ ಗೋಧಿಯ ಶಾವಿಗೆ ಬೆಂದರೂ ಎಳೆ ಎಳೆಯಾಗಿ ನಿಲ್ಲುತ್ತದೆ, ಮೈದಾ ಶಾವಿಗೆ ಸ್ವಲ್ಪ ಮೈಮರೆತರೆ ಪಾಯಸದಲ್ಲಿ ಮಾಯವಾಗುತ್ತದೆ. ಇದು ಗೊತ್ತಿದ್ದವರಿಗೆ ಪಾಸ್ತಾದ ಅರ್ಧ ಪಾಠ ಆದಂತೆಯೇ.

ಪಾಸ್ತಾದ ಮೈ ಕೂಡ ನೋಡಿ. ಕೆಲವು ನುಣ್ಣಗೆ, ಹಳದಿಯಾಗಿ ಹೊಳೆಯುತ್ತವೆ. ಅವು ಟೆಫ್ಲಾನ್ ಲೇಪನದ ಅಚ್ಚಿನಲ್ಲಿ ಒತ್ತಿದವು. ಇನ್ನು ಕೆಲವು ಹಿಟ್ಟು ಉದುರಿಸಿದ ಹಾಗೆ ಬೆಳ್ಳಗೆ, ಒರಟಾಗಿರುತ್ತವೆ. ಅವು ಕಂಚಿನ ಅಚ್ಚಿನವು. ಇಟಲಿಯ ನೇಪಲ್ಸ್ ಹತ್ತಿರದ ಗ್ರಾನ್ಯಾನೊ ಎಂಬ ಊರು ಇಂಥ ಪಾಸ್ತಾಕ್ಕೆ ಹೆಸರುವಾಸಿ. ಹಿಂದೆ ಅಲ್ಲಿ ಬೀದಿಯಲ್ಲೇ ಕೋಲುಗಳ ಮೇಲೆ ಪಾಸ್ತಾ ಹರಡಿ ಒಣಗಿಸುತ್ತಿದ್ದರು. 2013ರಲ್ಲಿ ಯುರೋಪಿನ ಒಕ್ಕೂಟ ಆ ಊರಿನ ಪಾಸ್ತಾಕ್ಕೆ ನಮ್ಮ ಮೈಸೂರು ಮಲ್ಲಿಗೆಗೆ ಇರುವಂಥ ಭೌಗೋಳಿಕ ಗುರುತು ಕೊಟ್ಟಿತು. ಒರಟು ಮೈಗೆ ಸಾಸ್ ಚೆನ್ನಾಗಿ ಹಿಡಿಯುತ್ತದೆ, ಬೆಲೆಯೂ ಚೆನ್ನಾಗೇ ಹಿಡಿಯುತ್ತದೆ. ದಿನದ ಅಡುಗೆಗೆ ಅದೇ ಬೇಕು ಅಂತ ನಾನು ಹೇಳುವುದಿಲ್ಲ. ಮಾಮೂಲಿ ಡ್ಯೂರಂ ಪಾಸ್ತಾ ಸಾಕು.

ಎಸರು: ಎಷ್ಟು ನೀರು, ಎಷ್ಟು ಉಪ್ಪು

ಇಟಲಿಯವರ ಲೆಕ್ಕ ನೆನಪಿಡಲು ಸುಲಭ. 100 ಗ್ರಾಂ ಪಾಸ್ತಾ, 1 ಲೀಟರ್ ನೀರು, 10 ಗ್ರಾಂ ಉಪ್ಪು. ಒಬ್ಬರಿಗೆ 80ರಿಂದ 100 ಗ್ರಾಂ ಒಣ ಪಾಸ್ತಾ ಹಿಡಿಯಿರಿ. ತರಕಾರಿ ಜಾಸ್ತಿ ಹಾಕುವವರಿಗೆ 70 ಸಾಕು. ಬೆಂದ ಮೇಲೆ ತೂಕ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ಕೈತೂಕದಲ್ಲಿ ಹಾಕುವವರು ಯಾವಾಗಲೂ ಜಾಸ್ತಿ ಹಾಕುತ್ತಾರೆ. ನಾನೂ ಅಷ್ಟೇ. ಒಂದು ಅಡುಗೆ ತಕ್ಕಡಿ ತಂದ ಮೇಲೆ ಸರಿಹೋಯಿತು.

ಅಷ್ಟು ನೀರು ನಿಜಕ್ಕೂ ಬೇಕಾ? ಜಾಸ್ತಿ ನೀರಿದ್ದರೆ ಪಾಸ್ತಾ ಬಿದ್ದಾಗ ಕುದಿ ಪೂರ್ತಿ ನಿಲ್ಲುವುದಿಲ್ಲ, ಎಳೆಗಳಿಗೆ ಓಡಾಡಲು ಜಾಗ ಇರುತ್ತದೆ. ಅನುಭವ ಇಲ್ಲದವರಿಗೆ ಅದೇ ಸುರಕ್ಷಿತ. ಆದರೆ ಕಡ್ಡಾಯ ಅಲ್ಲ. ಅಡುಗೆಯ ವಿಜ್ಞಾನ ಬರೆಯುವ ಅಮೆರಿಕದ ಹೆರಾಲ್ಡ್ ಮೆಗೀ 2009ರಲ್ಲಿ ಸುಮಾರು 450 ಗ್ರಾಂ ಪಾಸ್ತಾವನ್ನು ಎರಡು ಲೀಟರಿಗಿಂತ ಕಡಿಮೆ ತಣ್ಣೀರಿನಲ್ಲೇ ಶುರು ಮಾಡಿ ಬೇಯಿಸಿ ತೋರಿಸಿದರು. ಆಗುತ್ತದೆ, ಕೈ ಬಿಡದೆ ತಿರುವುತ್ತಿರಬೇಕು ಅಷ್ಟೇ. ನೀರಿಗೆ ಟ್ಯಾಂಕರ್ ಕಾಯುವ ಬೇಸಿಗೆಯಲ್ಲಿ ಎರಡು ಜನಕ್ಕೆ ನಾನು ಒಂದೂ ಕಾಲು ಲೀಟರ್ ಇಡುತ್ತೇನೆ. ಇನ್ನೊಂದು ಲಾಭವೂ ಇದೆ, ಬಸಿದ ಗಂಜಿ ಗಟ್ಟಿಯಾಗಿರುತ್ತದೆ. ಅದು ಯಾಕೆ ಬೇಕು ಅಂತ ಆಮೇಲೆ ಹೇಳುತ್ತೇನೆ.

ಉಪ್ಪು ನೀರಿಗೇ ಹಾಕಬೇಕು. ಪಾಸ್ತಾ ಹಿಟ್ಟಿನಲ್ಲಿ ಉಪ್ಪು ಇರುವುದಿಲ್ಲ. ಸಾಸಿಗೆ ಎಷ್ಟೇ ಹಾಕಿದರೂ ಎಳೆಯ ಒಳಗೆ ರುಚಿ ಇಳಿಯುವುದಿಲ್ಲ, ಸಪ್ಪೆ ಇಡ್ಲಿಗೆ ಉಪ್ಪಿನ ಚಟ್ನಿ ಹಚ್ಚಿದ ಹಾಗಾಗುತ್ತದೆ. ಲೀಟರಿಗೆ 10 ಗ್ರಾಂ ಅಂದರೆ ಒಂದೂವರೆ ಟೀ ಚಮಚಕ್ಕಿಂತ ಸ್ವಲ್ಪ ಜಾಸ್ತಿ ಪುಡಿ ಉಪ್ಪು. ಅದರಲ್ಲಿ ಬಹುಪಾಲು ಬಸಿದ ನೀರಿನಲ್ಲೇ ಹೋಗುತ್ತದೆ. ಚೀಸು, ಆಲಿವ್‌ಕಾಯಿ, ರೆಡಿ ಸಾಸ್ ಹಾಕುವುದಿದ್ದರೆ ಲೀಟರಿಗೆ ಒಂದು ಚಮಚ ಸಾಕು. "ಸಮುದ್ರದ ನೀರಿನಷ್ಟು ಉಪ್ಪಿರಬೇಕು" ಅಂತ ಹೇಳುವವರನ್ನು ನಂಬಬೇಡಿ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಬಾಯಿಗಿಡಲು ಆಗುವುದಿಲ್ಲ.

ಉಪ್ಪು ಹಾಕಿದರೆ ನೀರು ಬೇಗ ಕುದಿಯುತ್ತದೆ, ಜಾಸ್ತಿ ಬಿಸಿ ಏರುತ್ತದೆ ಅನ್ನುವುದೂ ಅಷ್ಟೇ. ಲೀಟರಿಗೆ 10 ಗ್ರಾಂ ಉಪ್ಪು ಕುದಿಯುವ ಬಿಂದುವನ್ನು ಏರಿಸುವುದು ಡಿಗ್ರಿಯ ಐದನೇ ಒಂದು ಭಾಗಕ್ಕಿಂತ ಕಡಿಮೆ. ಉಪ್ಪು ಹಾಕುವುದು ರುಚಿಗೆ ಮಾತ್ರ. ಕುದಿ ಬಂದ ಮೇಲೆ ಹಾಕುವುದು ಒಳ್ಳೆಯದು. ತಣ್ಣೀರಿಗೆ ಹಾಕಿದರೆ ಕರಗದ ಹರಳು ತಳದಲ್ಲಿ ಕೂತು ಸ್ಟೀಲ್ ಪಾತ್ರೆಗೆ ಚುಕ್ಕಿ ಬೀಳಿಸುತ್ತದೆ.

ಎಣ್ಣೆ ಬೇಡ. ಎಣ್ಣೆ ನೀರಿನ ಮೇಲೆ ತೇಲುತ್ತದೆ, ಪಾಸ್ತಾ ಕೆಳಗಿರುತ್ತದೆ. ಅಂಟದಂತೆ ತಡೆಯುವುದಾದರೂ ಹೇಗೆ? ನೊರೆ ಉಕ್ಕುವುದು ಸ್ವಲ್ಪ ಕಡಿಮೆಯಾಗುತ್ತದೆ, ನಿಜ. ಆದರೆ ಬಸಿಯುವಾಗ ಅದೇ ಎಣ್ಣೆ ಪಾಸ್ತಾಕ್ಕೆ ಮೆತ್ತಿಕೊಂಡು ಸಾಸ್ ಜಾರಿಹೋಗುತ್ತದೆ.

ಹಾಕುವುದು ಮತ್ತು ಮೊದಲ ಎರಡು ನಿಮಿಷ

ನೀರು ಕೊತಕೊತ ಕುದಿಯುತ್ತಿರಬೇಕು. ಅಂಚಿನಲ್ಲಿ ಗುಳ್ಳೆ ಬಂದರೆ ಸಾಲದು. ಪಾಸ್ತಾವನ್ನು ಒಂದೇ ಸಲಕ್ಕೆ ಹಾಕಿ. ಸ್ವಲ್ಪ ಸ್ವಲ್ಪ ಹಾಕಿದರೆ ಮೊದಲು ಬಿದ್ದದ್ದು ಮೊದಲು ಬೆಂದುಹೋಗುತ್ತದೆ. ಹಾಕಿದ ಕೂಡಲೇ ಮುಚ್ಚಳ ಮುಚ್ಚಿ, ಕುದಿ ವಾಪಸ್ ಬಂದ ತಕ್ಷಣ ತೆಗೆಯಿರಿ. ಮರೆತರೆ ಹಾಲುಕ್ಕಿದ ಹಾಗೆ ಉಕ್ಕಿ ಒಲೆ ಪೂರ್ತಿ ಗಂಜಿಯಾಗುತ್ತದೆ.

ಪಾಸ್ತಾ ಅಂಟಿಕೊಳ್ಳುವುದು ಈ ಮೊದಲ ಎರಡು ನಿಮಿಷದಲ್ಲೇ. ಹೊರಪದರದ ಪಿಷ್ಟ ಊದಿ ಗೋಂದಿನ ಹಾಗಾಗಿರುತ್ತದೆ, ಎಳೆಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಆಗ ತಿರುವದಿದ್ದರೆ ಅವು ಜೋಡಿಯಾಗೇ ಬೇಯುತ್ತವೆ, ಆಮೇಲೆ ಏನು ಮಾಡಿದರೂ ಬಿಡಿಸಲಾಗದು. ಮೊದಲ ಎರಡು ನಿಮಿಷ ಪಾತ್ರೆ ಬಿಟ್ಟು ಕದಲಬೇಡಿ. ತಳ ಕೆರೆದು ತಿರುವಿ. ಆಮೇಲೆ ಎರಡು ನಿಮಿಷಕ್ಕೊಮ್ಮೆ ತಿರುವಿದರೆ ಸಾಕು.

ಸ್ಪಗೆಟಿ ಪಾತ್ರೆಗಿಂತ ಉದ್ದ ಇದ್ದರೆ ಮುರಿಯುವ ಆಸೆ ಬರುತ್ತದೆ. ಬೇಕಿಲ್ಲ. ಬೀಸಣಿಗೆಯ ಹಾಗೆ ಹರಡಿ ನಿಲ್ಲಿಸಿ, ಅರ್ಧ ನಿಮಿಷದಲ್ಲಿ ಮುಳುಗಿದ ಭಾಗ ಬಾಗುತ್ತದೆ, ಆಗ ಸೌಟಿನಿಂದ ಒತ್ತಿ. ಮಕ್ಕಳಿಗೆ ತಿನ್ನಲು ಸುಲಭವಾಗಲಿ ಅಂತ ಮುರಿದರೆ ಅಪರಾಧವೇನೂ ಅಲ್ಲ, ಇಟಲಿಯವರು ನೋಡದಿದ್ದರೆ ಸರಿ. ಮುರಿಯುವಾಗ ಒಂದು ತಮಾಷೆ ಗಮನಿಸಿ. ಒಂದು ಎಳೆಯ ಎರಡೂ ತುದಿ ಹಿಡಿದು ಬಗ್ಗಿಸಿದರೆ ಅದು ಎರಡಾಗಿ ಮುರಿಯುವುದು ಅಪರೂಪ, ಮೂರೋ ನಾಲ್ಕೋ ತುಂಡಾಗುತ್ತದೆ. 2005ರಲ್ಲಿ ಫ್ರಾನ್ಸಿನ ಇಬ್ಬರು ಭೌತವಿಜ್ಞಾನಿಗಳು ಇದಕ್ಕೆ ಕಾರಣ ಹೇಳಿದರು. ಮೊದಲ ಮುರಿತದಿಂದ ಎಳೆಯುದ್ದಕ್ಕೂ ಅಲೆಯೊಂದು ಹೊರಟು ಬೇರೆ ಕಡೆಯೂ ಮುರಿಯುತ್ತದಂತೆ. ಅವರಿಗೆ ನಗಿಸುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಬಹುಮಾನವೂ ಬಂತು.

ಗಡಿಯಾರ: ಯಾವುದಕ್ಕೆ ಎಷ್ಟು ನಿಮಿಷ

ಸಮಯ ಎಣಿಸುವುದು ಯಾವಾಗಿನಿಂದ? ಪಾಸ್ತಾ ನೀರಿಗೆ ಬಿದ್ದಾಗಿನಿಂದ ಅಂತ ಕೆಲವರು, ಕುದಿ ವಾಪಸ್ ಬಂದಾಗಿನಿಂದ ಅಂತ ಕೆಲವರು. ನಾನು ಬಿದ್ದಾಗಿನಿಂದ ಎಣಿಸುತ್ತೇನೆ, ಯಾಕೆಂದರೆ ಕುದಿ ನಿಂತರೂ ನೀರು ಬಿಸಿಯಾಗೇ ಇರುತ್ತದೆ, ಬೇಯುವುದು ಶುರುವಾಗಿರುತ್ತದೆ. ತಡವಾಗಿ ಎಣಿಸಿ ಜಾಸ್ತಿ ಬೇಯಿಸುವುದಕ್ಕಿಂತ ಬೇಗ ಎಣಿಸಿ ಕಚ್ಚಿ ನೋಡುವುದು ಲೇಸು.

ಡ್ಯೂರಂ ಪಾಸ್ತಾಕ್ಕೆ ಅಂದಾಜು ಹೀಗೆ. ಕೂದಲಿನಂಥ ಕಪೆಲ್ಲಿನಿ 2ರಿಂದ 4 ನಿಮಿಷ. ಅದಕ್ಕೆ ಟೈಮರ್ ಇಟ್ಟು ಬೇರೆ ಕೆಲಸಕ್ಕೆ ಹೋಗುವ ಹಾಗೇ ಇಲ್ಲ. ಸಣ್ಣ ಸ್ಪಗೆಟಿಗೆ 5ರಿಂದ 7. ಮಾಮೂಲಿ ಸ್ಪಗೆಟಿಗೆ 8ರಿಂದ 11. ಚಪ್ಪಟೆಯ ಲಿಂಗ್ವಿನಿಗೂ ಹೆಚ್ಚುಕಡಿಮೆ ಅಷ್ಟೇ. ಬಾಗಿದ ಸಣ್ಣ ಮ್ಯಾಕರೋನಿಗೆ 7ರಿಂದ 9. ಸುರುಳಿಯ ಫುಸಿಲ್ಲಿಗೆ 9ರಿಂದ 12. ಪೆನ್ನೆಗೆ 10ರಿಂದ 12. ದೊಡ್ಡ ಕೊಳವೆಯ ರಿಗಟೋನಿಗೆ 11ರಿಂದ 14.

ಚಿಟ್ಟೆಯಾಕಾರದ ಫರ್ಫಾಲೆ ಸ್ವಲ್ಪ ತರಲೆ. ಚಿವುಟಿದ ನಡುಭಾಗ ದಪ್ಪ, ರೆಕ್ಕೆ ತೆಳು. ನಡು ಬೇಯುವ ತನಕ ಕಾದರೆ ರೆಕ್ಕೆ ಹರಿಯುತ್ತದೆ. ನಡುವೆ ಒಂದಿಷ್ಟು ಗಟ್ಟಿ ಇರಲಿ ಅಂತ ಒಪ್ಪಿಕೊಂಡು 10–11 ನಿಮಿಷಕ್ಕೆ ಎತ್ತುವುದೇ ದಾರಿ. ಶಂಖದಾಕಾರದ್ದು ಒಂದರೊಳಗೊಂದು ಸೇರಿ ಕೂರುತ್ತದೆ, ಅದಕ್ಕೆ ತಿರುವುವುದು ಜಾಸ್ತಿ ಬೇಕು.

ಒಂದೇ ಹೆಸರಿನ ಪಾಸ್ತಾ ಎರಡು ಕಂಪನಿಯಲ್ಲಿ ಎರಡು ದಪ್ಪ ಇರುತ್ತದೆ. ಬರಿಲ್ಲಾದವರ ಸ್ಪಗೆಟಿಗೆ 5ನೇ ನಂಬರ್, ದೆ ಚೆಕ್ಕೊದವರದಕ್ಕೆ 12ನೇ ನಂಬರ್. ಆ ನಂಬರ್‌ಗಳು ಆಯಾ ಕಂಪನಿಯವು, ಒಂದಕ್ಕೊಂದು ಹೋಲಿಸಬೇಡಿ. ಎರಡು ಬಗೆಯ ಪಾಸ್ತಾ ಮಿಕ್ಕಿದ್ದರೆ ಎರಡನ್ನೂ ಒಂದೇ ಸಲಕ್ಕೆ ಸುರಿಯಬೇಡಿ, ಸಮಯ ನೋಡಿ ದಪ್ಪದ್ದನ್ನು ಮೊದಲು ಹಾಕಿ.

ನೀವಿರುವ ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಮಂಗಳೂರಿನಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಇಲ್ಲಿ ಸುಮಾರು 97ಕ್ಕೇ ಕುದಿ ಬರುತ್ತದೆ. ಮಡಿಕೇರಿಯಲ್ಲಿ ಅದಕ್ಕೂ ಸ್ವಲ್ಪ ಕಡಿಮೆ. ಉರಿ ಎಷ್ಟೇ ದೊಡ್ಡದು ಮಾಡಿದರೂ ತೆರೆದ ಪಾತ್ರೆಯಲ್ಲಿ ನೀರು ಅದಕ್ಕಿಂತ ಬಿಸಿಯಾಗುವುದಿಲ್ಲ. ಬೆಂಗಳೂರಿನ ನನ್ನ ಅಡುಗೆಮನೆಯಲ್ಲಿ ಇಟಲಿಯ ಪೆನ್ನೆ ಪ್ಯಾಕೆಟ್ ಹೇಳಿದ್ದಕ್ಕಿಂತ ಅರ್ಧದಿಂದ ಒಂದು ನಿಮಿಷ ಜಾಸ್ತಿ ಕೇಳುತ್ತದೆ. ಕರಾವಳಿಯವರು ನನ್ನ ಲೆಕ್ಕ ಹಿಡಿದರೆ ಕೆಡುತ್ತಾರೆ.

ಕಚ್ಚಿ ನೋಡುವುದು

ಅನ್ನ ಬೆಂದಿದೆಯಾ ಅಂತ ನೋಡಲು ಒಂದಗಳು ಹಿಚುಕಿದರೆ ಸಾಕು ಅಂತಾರಲ್ವಾ? ಪಾಸ್ತಾಕ್ಕೂ ಒಂದೇ ತುಂಡು ಸಾಕು. ಆದರೆ ಅನ್ನದಲ್ಲಿ ನಡುವೆ ಗಟ್ಟಿ ಸಿಕ್ಕರೆ ಬೆಂದಿಲ್ಲ ಅಂತೀವಿ. ಪಾಸ್ತಾದಲ್ಲಿ ನಾವು ಹುಡುಕುವುದು ಆ ಚೂರು ಗಟ್ಟಿಯನ್ನೇ.

ತುಂಡನ್ನು ಎತ್ತಿ ಚಾಕುವಿನಿಂದ ಅಡ್ಡ ಕೊಯ್ದು ನೋಡಿ. ನಡುವೆ ಬಿಳಿ ಚುಕ್ಕೆಯೋ ಗೆರೆಯೋ ಕಾಣುತ್ತದೆ. ನೀರು ಇನ್ನೂ ತಲುಪದ ಒಣ ತಿರುಳು ಅದು. ಇಟಲಿಯವರು ಅದನ್ನು ಆನಿಮಾ, ಅಂದರೆ ಜೀವ ಅಂತ ಕರೆಯುತ್ತಾರೆ. ಚುಕ್ಕೆ ದೊಡ್ಡದಾಗಿ, ಸುಣ್ಣದ ಹಾಗೆ ಬೆಳ್ಳಗಿದ್ದರೆ ಇನ್ನೂ ಎರಡು ಮೂರು ನಿಮಿಷ ಬೇಕು. ಸೂಜಿ ಚುಚ್ಚಿದಷ್ಟು ಉಳಿದಿದ್ದರೆ ಸಾಸಿಗೆ ಹಾಕುವ ಹದ. ಚುಕ್ಕೆ ಆಗತಾನೆ ಮಾಯವಾಗಿ, ಕಚ್ಚಿದರೆ ಹಲ್ಲಿಗೆ ಸ್ವಲ್ಪ ತಡೆ ಸಿಕ್ಕರೆ ತಿನ್ನುವ ಹದ. ಅಲ್ ದೆಂತೆ ಅನ್ನುವುದು ಇದನ್ನೇ, ಹಲ್ಲಿಗೆ ಸಿಗುವಂತೆ ಅಂತ ಅರ್ಥ. ಹಸಿ ಹಿಟ್ಟಿನ ರುಚಿ ಬಂದು ಹಲ್ಲಿಗೆ ಮೆತ್ತಿಕೊಂಡರೆ ಅದು ಅಲ್ ದೆಂತೆ ಅಲ್ಲ, ಸುಮ್ನೆ ಬೆಂದಿಲ್ಲ ಅಷ್ಟೇ. ಕೆಲವು ಹೋಟೆಲುಗಳಲ್ಲಿ ಈ ಎರಡನ್ನೂ ಒಂದೇ ಹೆಸರಿನಲ್ಲಿ ಬಡಿಸುವುದುಂಟು.

ಇಟಲಿಯವರು ಎಂದಿನಿಂದಲೂ ಹೀಗೇ ತಿನ್ನುತ್ತಿದ್ದರು ಅಂದುಕೊಳ್ಳಬೇಡಿ. 15ನೇ ಶತಮಾನದ ಹೆಸರಾಂತ ಅಡುಗೆಯವ ಮಾಸ್ತ್ರೊ ಮಾರ್ತಿನೊ ಸಿಸಿಲಿಯ ಮ್ಯಾಕರೋನಿಯನ್ನು ಎರಡು ಗಂಟೆ ಕುದಿಸಲು ಹೇಳಿದ್ದ! ಕಡಿಮೆ ಬೇಯಿಸುವ ಅಭ್ಯಾಸ ಆಮೇಲೆ ನೇಪಲ್ಸಿನ ಕಡೆಯಿಂದ ಹರಡಿತು. ಅಲ್ಲಿಯವರು ಹದವಾಗಿ ಬೆಂದ ಪಾಸ್ತಾವನ್ನು "ಹಸಿರು ಹಸಿರು" ಅನ್ನುತ್ತಿದ್ದರು. ಬಣ್ಣದ ಮಾತಲ್ಲ ಅದು, ಇನ್ನೂ ಪೂರ್ತಿ ಹಣ್ಣಾಗಿಲ್ಲ ಅಂತ. ನಮ್ಮ ದೋರಗಾಯಿ ಇದ್ದ ಹಾಗೆ. ನನಗೆ ಅಲ್ ದೆಂತೆಗಿಂತ ದೋರಗಾಯಿ ಅನ್ನುವ ಮಾತೇ ಬೇಗ ಅರ್ಥವಾಯಿತು.

ಪಾಸ್ತಾವನ್ನು ಗೋಡೆಗೆ ಎಸೆದು ಅಂಟಿದರೆ ಬೆಂದಿದೆ ಅನ್ನುವ ಪರೀಕ್ಷೆ ನಂಬಬೇಡಿ. ಅಂಟುವಷ್ಟು ಪಿಷ್ಟ ಹೊರಗೆ ಬಂದಿದ್ದರೆ ಅದು ಜಾಸ್ತಿಯೇ ಬೆಂದಿರಬಹುದು. ಗೋಡೆ ಒರೆಸುವ ಕೆಲಸ ಬೇರೆ.

ಬಸಿಯುವುದು, ಸಾಸಿಗೆ ಸೇರಿಸುವುದು

ಬಸಿಯುವ ಮೊದಲು ಒಂದು ದೊಡ್ಡ ಲೋಟ ಗಂಜಿ ತೆಗೆದಿಡಿ. ಇದನ್ನು ಮರೆಯದಿರಲು ನಾನು ಖಾಲಿ ಲೋಟವನ್ನು ಜಾಲರಿಯೊಳಗೇ ಇಟ್ಟಿರುತ್ತೇನೆ. ಬಸಿಯಲು ಹೋದರೆ ಲೋಟ ಕಣ್ಣಿಗೆ ಬೀಳುತ್ತದೆ.

ತಣ್ಣೀರಿನಲ್ಲಿ ತೊಳೆಯಬೇಡಿ. ಸಾಸ್ ಹಿಡಿಯಲು ಬೇಕಾದ ಪಿಷ್ಟದ ಪದರ ತೊಳೆದುಹೋಗುತ್ತದೆ. ಪಾಸ್ತಾ ಸಲಾಡ್‌ಗೆ ಮಾತ್ರ ತೊಳೆಯಬಹುದು. ಅಲ್ಲಿ ತಣ್ಣಗಿರಬೇಕು, ಬಿಡಿಬಿಡಿ ಇರಬೇಕು. ಅದಕ್ಕೆ ಪ್ಯಾಕೆಟ್ ಹೇಳಿದಷ್ಟು ಪೂರ್ತಿ ಬೇಯಿಸಿ, ಆರಿದ ಮೇಲೆ ಪಾಸ್ತಾ ಇನ್ನಷ್ಟು ಬಿಗಿಯುತ್ತದೆ.

ಸಾಸ್ ಮೊದಲೇ ತಯಾರಾಗಿ, ಅಗಲ ಬಾಣಲೆಯಲ್ಲಿ ಬಿಸಿಯಾಗಿ ಕಾಯುತ್ತಿರಬೇಕು. ಸಾಸ್ ಪಾಸ್ತಾಕ್ಕಾಗಿ ಕಾಯಬಹುದು, ಪಾಸ್ತಾ ಸಾಸ್‌ಗಾಗಿ ಕಾಯಬಾರದು. ಎರಡು ನಿಮಿಷ ಮೊದಲೇ ಎತ್ತಿದ ಪಾಸ್ತಾವನ್ನು ಹನಿ ಸೋರುತ್ತಿರುವಾಗಲೇ ಬಾಣಲೆಗೆ ಹಾಕಿ. ಅರ್ಧ ಸೌಟು ಗಂಜಿ ಹಾಕಿ, ಉರಿ ದೊಡ್ಡದು ಮಾಡಿ, ಎತ್ತಿ ಎತ್ತಿ ತಿರುವಿ. ಗಂಜಿಯಲ್ಲಿರುವ ಪಿಷ್ಟ ಎಣ್ಣೆಯನ್ನೂ ನೀರನ್ನೂ ಒಂದು ಮಾಡಿ ಸಾಸನ್ನು ನಯವಾಗಿ ಎಳೆಗೆ ಹಚ್ಚುತ್ತದೆ. ಗಟ್ಟಿ ಅನ್ನಿಸಿದರೆ ಇನ್ನರ್ಧ ಸೌಟು. ಸಾಸಿನಲ್ಲಿ ಬೇಯುವುದು ನೀರಿನಲ್ಲಿ ಬೇಯುವುದಕ್ಕಿಂತ ನಿಧಾನ, ಯಾಕೆಂದರೆ ಪಾಸ್ತಾ ಕುಡಿಯಲು ಅಲ್ಲಿ ನೀರು ಕಡಿಮೆ. ಪಾತ್ರೆಯ ಎರಡು ನಿಮಿಷಕ್ಕೆ ಬಾಣಲೆಯಲ್ಲಿ ಮೂರು ಹಿಡಿಯಬಹುದು. ಗಟ್ಟಿ ಬಿಳಿ ಸಾಸ್ ಆದರೆ ಇನ್ನೂ ನಿಧಾನ, ಅದಕ್ಕೆ ಒಂದು ನಿಮಿಷ ಮೊದಲು ಎತ್ತಿದರೆ ಸಾಕು.

ಅವನ್‌ನಲ್ಲಿ ಚೀಸ್ ಹಾಕಿ ಬೇಯಿಸುವ ಪಾಸ್ತಾವಾದರೆ ಲೆಕ್ಕ ಬೇರೆ. ಅಲ್ಲಿ 20–25 ನಿಮಿಷ ಬಿಸಿಯಲ್ಲಿರುತ್ತದೆ, ಸಾಸ್ ಹೀರುತ್ತಲೇ ಇರುತ್ತದೆ. ಪ್ಯಾಕೆಟ್ ಹೇಳಿದ ಸಮಯದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಬೇಯಿಸಿ ಎತ್ತಿಬಿಡಿ, ಸಾಸ್ ಮಾಮೂಲಿಗಿಂತ ನೀರಾಗಿರಲಿ.

ಗ್ಯಾಸ್ ಆರಿಸಿ ಬೇಯಿಸಬಹುದಾ?

2022ರಲ್ಲಿ ಯುರೋಪಿನಲ್ಲಿ ಗ್ಯಾಸ್ ಬೆಲೆ ಏರಿದಾಗ ಇಟಲಿಯಲ್ಲಿ ಇದೇ ದೊಡ್ಡ ಜಗಳ ಆಯಿತು. ಅದರ ಹಿಂದಿನ ವರ್ಷ ಭೌತವಿಜ್ಞಾನದ ನೊಬೆಲ್ ಪಡೆದಿದ್ದ ಜಾರ್ಜೊ ಪರೀಸಿ ಫೇಸ್‌ಬುಕ್‌ನಲ್ಲಿ ಒಂದು ವಿಧಾನ ಹಂಚಿಕೊಂಡರು. ಪಾಸ್ತಾ ಹಾಕಿ, ಕುದಿ ವಾಪಸ್ ಬಂದ ಮೇಲೆ ಎರಡು ನಿಮಿಷ ಬಿಟ್ಟು, ಗ್ಯಾಸ್ ಆರಿಸಿ ಮುಚ್ಚಳ ಹಾಕುವುದು. ಪ್ಯಾಕೆಟ್ ಹೇಳಿದ್ದಕ್ಕಿಂತ ಒಂದು ನಿಮಿಷ ಜಾಸ್ತಿ ಬಿಡುವುದು. ಬಾಣಸಿಗರು ಸಿಡಿದೆದ್ದರು, ರಬ್ಬರ್ ಆಗುತ್ತದೆ ಅಂದರು. ವಿಜ್ಞಾನದ ಕಡೆಯಿಂದ ಅದರಲ್ಲಿ ತಪ್ಪಿಲ್ಲ. ಪಿಷ್ಟ ಊದಲು, ಬಲೆ ಬಿಗಿಯಲು 80 ಡಿಗ್ರಿ ಇದ್ದರೂ ಸಾಕು.

ನಾನು ಮಾಡಿ ನೋಡಿದೆ. ದಪ್ಪ ತಳದ ಪಾತ್ರೆ, ಬಿಗಿ ಮುಚ್ಚಳ, ಜಾಸ್ತಿ ನೀರು ಇದ್ದಾಗ ಸಣ್ಣ ಮ್ಯಾಕರೋನಿ ಚೆನ್ನಾಗಿ ಬಂತು. ತೆಳ್ಳಗಿನ ಅಲ್ಯೂಮಿನಿಯಂ ಪಾತ್ರೆಯಲ್ಲಿ ಸ್ಪಗೆಟಿ ಹಾಳಾಯಿತು, ಕಟ್ಟಾಗಿ ಅಂಟಿಕೊಂಡಿತು. ಸಿಲಿಂಡರ್ ಮುಗಿಯುತ್ತಾ ಬಂದ ದಿನ ಇದು ನೆನಪಿರಲಿ, ದಿನವೂ ಬೇಡ.

ಕುಕ್ಕರಿನಲ್ಲಿ ಮಾಡುವವರೂ ಇದ್ದಾರೆ. ನನ್ನ ಮಟ್ಟಿಗೆ ಅದು ಬೇಡ. ಕಚ್ಚಿ ನೋಡಲು ಮುಚ್ಚಳ ತೆಗೆಯುವ ಹಾಗಿಲ್ಲ, ಒಂದು ಸೀಟಿ ಅಂದರೆ ಎಷ್ಟು ನಿಮಿಷ ಅಂತ ಒಂದೊಂದು ಕುಕ್ಕರಿಗೆ ಒಂದೊಂದು ಲೆಕ್ಕ. ನೊರೆ ಏರಿ ಸೀಟಿಯ ದಾರಿ ಕಟ್ಟಿಕೊಳ್ಳುವ ಅಪಾಯವೂ ಇದೆ. ಮಾಡಲೇಬೇಕಿದ್ದರೆ ಕುಕ್ಕರ್ ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ, ಒಂದು ಚಮಚ ಎಣ್ಣೆ ಹಾಕಿ, ಪ್ಯಾಕೆಟ್ ಸಮಯದ ಅರ್ಧಕ್ಕೆ ನಿಲ್ಲಿಸಿ. ಬೇಯಿಸುವ ನೀರಿಗೆ ಎಣ್ಣೆ ಹಾಕಲು ಅವಕಾಶ ಇಲ್ಲಿ ಮಾತ್ರ.

ಗೋಧಿ ಅಲ್ಲದ ಪಾಸ್ತಾ

ರಾಗಿ, ಜೋಳ, ಅಕ್ಕಿ, ಕಡಲೆಯ ಪಾಸ್ತಾಗಳಲ್ಲಿ ಗ್ಲುಟೆನ್ ಬಲೆ ಇರುವುದಿಲ್ಲ. ಇದ್ದಕ್ಕಿದ್ದಂತೆ ಮೆತ್ತಗಾಗುತ್ತವೆ. ಮೊದಲ ಸಲ ಮಾಡುವಾಗ ಪ್ಯಾಕೆಟ್ ಸಮಯದ ಅರ್ಧಕ್ಕೇ ಕಚ್ಚಿ ನೋಡಲು ಶುರು ಮಾಡಿ, ಆಮೇಲೆ ನಿಮಿಷಕ್ಕೊಮ್ಮೆ. ನೀರು ಧಾರಾಳ ಇರಲಿ, ತಿರುವುವುದು ಮೆಲ್ಲಗಿರಲಿ. ಇವನ್ನು ಸಾಸಿನಲ್ಲಿ ಕುದಿಸಬೇಡಿ, ಬೇಯಿಸಿ ಮೇಲೆ ಸಾಸ್ ಹಾಕಿ. ತುಂಬಾ ಅಂಟಾದರೆ ಬಿಸಿನೀರಿನಲ್ಲಿ ಒಮ್ಮೆ ಜಾಲಾಡಿದರೆ ತಪ್ಪಿಲ್ಲ. ಕೆಲವು ಪ್ಯಾಕೆಟ್‌ಗಳ ಮುಂದೆ ರಾಗಿಯ ಚಿತ್ರ ದೊಡ್ಡದಾಗಿರುತ್ತದೆ, ಹಿಂದೆ ಮೊದಲ ಪದಾರ್ಥ ಗೋಧಿಯೇ ಆಗಿರುತ್ತದೆ. ಹಾಗಿದ್ದರೆ ಗೋಧಿ ಪಾಸ್ತಾದ ಹಾಗೇ ಬೇಯಿಸಿ.

ಮೊದಲೇ ಬೇಯಿಸಿ ಇಡಬೇಕಾದರೆ

ಬೆಳಿಗ್ಗೆ ಮಕ್ಕಳ ಡಬ್ಬಿಗೆ, ಅಥವಾ ನನ್ನ ಹಾಗೆ ನೆಂಟರು ಬರುವ ದಿನಕ್ಕೆ ಇದು ಬೇಕಾಗುತ್ತದೆ. ಪ್ಯಾಕೆಟ್ ಸಮಯಕ್ಕೆ ಮೂರು ನಿಮಿಷ ಮೊದಲು ಬಸಿಯಿರಿ. ತಕ್ಷಣ ಅಗಲ ತಟ್ಟೆಯಲ್ಲಿ ಹರಡಿ. ಜಾಲರಿಯಲ್ಲಿ ಗುಡ್ಡೆಯಾಗಿ ಬಿಟ್ಟರೆ ನಡುವಿನದು ಬೇಯುತ್ತಲೇ ಇರುತ್ತದೆ. ಒಂದು ಚಮಚ ಎಣ್ಣೆ ಸವರಿ, ಆರಿದ ಮೇಲೆ ಫ್ರಿಜ್‌ಗೆ ಇಡಿ. ಬೇಕಾದಾಗ ಕುದಿಯುವ ನೀರಿನಲ್ಲಿ ಅರ್ಧ ನಿಮಿಷ ಅದ್ದಿ ಸಾಸಿಗೆ ಹಾಕಿ. ಹೋಟೆಲಿನವರು ಐದೇ ನಿಮಿಷದಲ್ಲಿ ಪಾಸ್ತಾ ತಂದಿಡುವ ಗುಟ್ಟು ಬಹಳ ಕಡೆ ಇದೇ.

ಬೆಂದ ಪಾಸ್ತಾವನ್ನು ರಾತ್ರಿಯಿಡೀ ಹೊರಗೆ ಇಡಬೇಡಿ. ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಪಾಸ್ತಾದಲ್ಲೂ ಬೆಳೆಯುತ್ತದೆ. ಅದು ಬಿಟ್ಟ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಫ್ರಿಜ್‌ನಲ್ಲಿಟ್ಟದ್ದನ್ನು ಎರಡು ಮೂರು ದಿನದೊಳಗೆ ಮುಗಿಸಿ.

ಜಾಸ್ತಿ ಬೆಂದುಹೋದದ್ದನ್ನು ವಾಪಸ್ ತರಲು ದಾರಿ ಇಲ್ಲ. ಆದರೆ ಎಸೆಯಬೇಕಿಲ್ಲ. ಅಗಲ ಕಾವಲಿಯಲ್ಲಿ ಎಣ್ಣೆ ಕಾಯಿಸಿ, ಬೆಳ್ಳುಳ್ಳಿ ಒಣಮೆಣಸು ಒಗ್ಗರಣೆ ಹಾಕಿ, ಮೆತ್ತಗಾದ ಪಾಸ್ತಾವನ್ನು ಹರಡಿ, ಕೈಯಾಡಿಸದೆ ಬಿಡಿ. ತಳ ಕೆಂಪಗೆ ಗರಿಯಾದ ಮೇಲೆ ಮಗುಚಿ ಹಾಕಿ. ನೇಪಲ್ಸಿನವರು ಮಿಕ್ಕ ಪಾಸ್ತಾಕ್ಕೆ ಮೊಟ್ಟೆ, ಚೀಸ್ ಸೇರಿಸಿ ಹೀಗೇ ದೋಸೆಯಂತೆ ಹುರಿದು ತಿನ್ನುತ್ತಾರೆ.

ಇನ್ನೊಂದು ಮಾತು, ಪಾಸ್ತಾವನ್ನು ಡಬ್ಬಿಗೆ ಸುರಿದು ಪ್ಯಾಕೆಟ್ ಎಸೆಯುವವರಿಗೆ. ಸಮಯ ಬರೆದ ಆ ತುಂಡನ್ನು ಕತ್ತರಿಸಿ ಡಬ್ಬಿಯೊಳಗೇ ಹಾಕಿಡಿ. ಒಂದೆರಡು ಸಲ ಬೇಯಿಸಿದ ಮೇಲೆ ನಿಮ್ಮ ಒಲೆಗೆ, ನಿಮ್ಮ ಊರಿಗೆ ಸರಿಹೋದ ಸಮಯವನ್ನು ಅದರ ಹಿಂದೆ ಪೆನ್ನಿನಲ್ಲಿ ಬರೆಯಿರಿ. ನನ್ನ ಪೆನ್ನೆ ಡಬ್ಬಿಯ ಚೀಟಿಯಲ್ಲಿ ಒಂದು ಕಡೆ 11 ಅಂತ ಅಚ್ಚಾಗಿದೆ, ಇನ್ನೊಂದು ಕಡೆ ಕೈಬರಹದಲ್ಲಿ "9ಕ್ಕೆ ಬಸಿ, 3 ಸಾಸಿನಲ್ಲಿ, ನೆಂಟರ ಜೊತೆ ಮಾತು ಆಮೇಲೆ" ಅಂತಿದೆ.